ಎಂಟು ಟ್ರಿಪ್‌ಗೋಸ್ಕರ ಹೊಸ ಕಾರು ಬೇಕಾ?

ನಮ್ಮ ವ್ಯಾಗನ್ ಆರ್ 2012ರದ್ದು. ಹಾಸನದ ನೋಂದಣಿ, ಕೆಎ-13. ಒಂದು ಲಕ್ಷದ ಎಂಟು ಸಾವಿರ ಕಿಲೋಮೀಟರ್ ಓಡಿದೆ. ಓಡಿಸುವವಳು ಹೆಚ್ಚಾಗಿ ನಾನೇ. ಮನೆಯವರಿಗೆ ಪಕ್ಕದಲ್ಲಿ ಕೂತು ಬ್ರೇಕ್ ಒತ್ತುವುದು ಇಷ್ಟ.

2025ರ ಸೆಪ್ಟೆಂಬರ್ 22ಕ್ಕೆ ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತಲ್ಲ, ಆವತ್ತಿನಿಂದ ಮನೆಯಲ್ಲಿ ಇದೇ ಮಾತು. "ಈಗಲ್ಲದೆ ಇನ್ಯಾವಾಗ" ಅಂತ ಮನೆಯವರು. ಅದೇ ಹೊತ್ತಿಗೆ ಕ್ಲಚ್ ಗಟ್ಟಿಯಾಯಿತು, ಎಸಿ ತಣ್ಣಗಾಗುವುದು ನಿಂತಿತು. ಹೊಸದು ತಗೋಬೇಕು ಅನ್ನುವ ಮನಸ್ಸಿಗೆ ಇಷ್ಟು ನೆಪ ಸಾಕು.

ಶೋರೂಮಿಗೆ ಹೋಗುವ ಮೊದಲು ಗಾಡಿಯನ್ನು ಬಿ.ಎಂ. ರಸ್ತೆಯ ಹಿಂದಿರುವ ನಮ್ಮ ಗ್ಯಾರೇಜಿಗೆ ಒಯ್ದೆ. "ಇವತ್ತು ಏನೂ ರಿಪೇರಿ ಮಾಡಬೇಡಿ, ಸುಮ್ನೆ ಪೂರ್ತಿ ನೋಡಿ ಹೇಳಿ" ಅಂದೆ. ಅದಕ್ಕೆ 500 ರೂಪಾಯಿ ಕೊಟ್ಟೆ. ಇಡೀ ವ್ಯವಹಾರದಲ್ಲಿ ನಾನು ಖರ್ಚು ಮಾಡಿದ ಅತಿ ಒಳ್ಳೆಯ 500 ರೂಪಾಯಿ ಅದು. ಗಾಡಿಯನ್ನು ಮೇಲೆತ್ತಿ, ನನ್ನನ್ನೂ ಕೆಳಗೆ ಕರೆದರು. ಟಾರ್ಚ್ ಹಿಡಿದು, ಸ್ಕ್ರೂಡ್ರೈವರ್ ಹಿಡಿಯಿಂದ ತಳದ ತಗಡನ್ನು ಉದ್ದಕ್ಕೂ ತಟ್ಟುತ್ತಾ ಹೋದರು. ಟಣ್, ಟಣ್, ಟಣ್. ಹಿಂದಿನ ಎಡ ಚಕ್ರದ ಹತ್ತಿರ ಮಾತ್ರ ಸದ್ದು ಸ್ವಲ್ಪ ಬದಲಾಯಿತು. "ಇಲ್ಲಿ ತುಕ್ಕು ಶುರುವಾಗಿದೆ ಮೇಡಂ, ಆದ್ರೆ ತೂತಾಗಿಲ್ಲ. ಕೆರೆದು ಬಳಿದರೆ ಆಯ್ತು" ಅಂದರು. ಆಮೇಲೆ ಎಂಜಿನ್ ಚಾಲೂ ಮಾಡಿ, ಆಯಿಲ್ ಹಾಕುವ ಮುಚ್ಚಳ ತೆಗೆದು ಅಂಗೈ ಹಿಡಿದರು. ಹೊಗೆ ಒದ್ದುಕೊಂಡು ಬರಲಿಲ್ಲ, ಅಂದರೆ ಎಂಜಿನ್ ಒಳಗೆ ಅಷ್ಟು ಸವೆದಿಲ್ಲ. ಇದರ ಎಂಜಿನ್‌ನಲ್ಲಿ ಟೈಮಿಂಗ್ ಬೆಲ್ಟ್ ಇಲ್ಲ, ಚೈನ್ ಇದೆ. ಹಾಗಾಗಿ ಇಷ್ಟು ಕಿಲೋಮೀಟರಿಗೆ ಬದಲಿಸಲೇಬೇಕು ಅನ್ನುವ ದೊಡ್ಡ ಖರ್ಚು ಆ ಕಡೆಯಿಂದ ಇರಲಿಲ್ಲ.

ಅವರು ಬರೆದುಕೊಟ್ಟ ಚೀಟಿ: ನಾಲ್ಕು ಟೈರ್ 14,000, ಎಸಿ ಕೂಲಿಂಗ್ ಕಾಯಿಲ್ 9,000, ಕ್ಲಚ್ ಸೆಟ್ ಕೂಲಿ ಸೇರಿ 7,500, ಮುಂದಿನ ಶಾಕ್ ಅಬ್ಸಾರ್ಬರ್ 6,000, ಬುಷ್‌ಗಳು 3,000. ಒಟ್ಟು 39,500.

"ಎಂಬತ್ತು ಸಾವಿರದ ಗಾಡಿಗೆ ನಲವತ್ತು ಸಾವಿರ ಸುರಿಯೋದಾ?" ಮನೆಯವರ ಪ್ರಶ್ನೆ. ನನಗೂ ಮೊದಲು ಹಾಗೇ ಅನಿಸಿತ್ತು.

ಶೋರೂಮಿನಲ್ಲಿ ಹುಡುಗ ಎಂಜಿನ್ ವಿಷಯವನ್ನು ಮನೆಯವರಿಗೆ, ಬಣ್ಣದ ವಿಷಯವನ್ನು ನನಗೆ ವಿವರಿಸಿದ. ಇರಲಿ. ನಾವು ನೋಡಿದ್ದು ಒಂದು ಪುಟ್ಟ ಎಸ್‌ಯುವಿ. ಎಕ್ಸ್-ಶೋರೂಮ್, ಅಂದರೆ ರಸ್ತೆ ತೆರಿಗೆ, ವಿಮೆ ಸೇರದ ಬೆಲೆ 8.9 ಲಕ್ಷ. ನಮ್ಮ ರಾಜ್ಯದಲ್ಲಿ ಐದರಿಂದ ಹತ್ತು ಲಕ್ಷದ ಕಾರಿಗೆ ರಸ್ತೆ ತೆರಿಗೆ ಶೇ 14, ಅದರ ಮೇಲೆ ಸೆಸ್. ಅಲ್ಲಿಗೇ ಸುಮಾರು 1,38,000. ವಿಮೆ ಸೇರಿಸಿ, ಇದು ಅದು ಸೇರಿಸಿ 11,02,000 ಅಂತ ಚೀಟಿ ಬಂತು. ಅದರಲ್ಲಿ 'ಹ್ಯಾಂಡ್ಲಿಂಗ್ ಚಾರ್ಜ್' ಒಂದು, ಮ್ಯಾಟು-ಸೀಟ್ ಕವರ್ ಸೇರಿದ 'ಕಿಟ್' ಒಂದು. ಎರಡಕ್ಕೂ ಪೆನ್ನಿನಿಂದ ಗೀಟು ಎಳೆದೆ. 22,000 ಇಳಿಯಿತು. ಹುಡುಗ ಬೇಜಾರೂ ಮಾಡಿಕೊಳ್ಳಲಿಲ್ಲ. ಯಾರಾದರೂ ಗೀಟು ಎಳೆಯುತ್ತಾರೆ ಅಂತ ಗೊತ್ತಿದ್ದೇ ಹಾಕಿರುತ್ತಾರೆ, ಅಲ್ವಾ?

ಹಳೆ ಗಾಡಿಗೆ 75,000, ಎಕ್ಸ್‌ಚೇಂಜ್ ಬೋನಸ್ 25,000. ಒಟ್ಟು ಒಂದು ಲಕ್ಷ ಅಂದಾಗ ಮನೆಯವರ ಮುಖ ಅರಳಿತು. ಮಾರನೇ ದಿನ ಮೈದುನನ ಕೈಲಿ ಅದೇ ಶೋರೂಮಿಗೆ ಫೋನ್ ಮಾಡಿಸಿದೆ. "ಕೊಡೋಕೆ ಹಳೆ ಗಾಡಿ ಇಲ್ಲ, ಡಿಸ್ಕೌಂಟ್ ಎಷ್ಟು?" ಇಪ್ಪತ್ತು ಸಾವಿರ ಅಂದರು. ಅಂದರೆ ಬೋನಸ್ಸಿನಲ್ಲಿ ನಮ್ಮ ಗಾಡಿಯಿಂದಾಗಿ ಬಂದದ್ದು ಐದೇ ಸಾವಿರ. ಅವರು ಗಾಡಿಗೆ ನಿಜವಾಗಿ ಕೊಡುತ್ತಿದ್ದದ್ದು 80,000. ಆಗಸ್ಟ್‌ನಲ್ಲಿ ಫೋನಿನಲ್ಲೇ 1,25,000 ಹೇಳಿದ್ದ, ಹಳೆ ಕಾರು ಕೊಳ್ಳುವ ಇನ್ನೊಬ್ಬರು, ಈಗ ಮನೆಗೆ ಬಂದು ನೋಡಿ 88,000 ಅಂದಿದ್ದರು. ಹೊಸ ಕಾರು ಅಗ್ಗವಾದರೆ ಹಳೆಯದೂ ಇಳಿಯುತ್ತೆ, ಇದನ್ನು ನಾವು ಯೋಚಿಸಿಯೇ ಇರಲಿಲ್ಲ.

ಇನ್ನೊಂದು ವಿಷಯ ಶೋರೂಮಿನಲ್ಲಿ ಯಾರೂ ಹೇಳಲಿಲ್ಲ. ಐದು ವರ್ಷ ಕ್ಲೇಮ್ ಮಾಡದೇ ಇದ್ದರೆ ಸಿಗುವ ಶೇ 50ರ ನೋ ಕ್ಲೇಮ್ ಬೋನಸ್ ಗಾಡಿಯದ್ದಲ್ಲ, ನಮ್ಮದು. ಹಳೆಯದನ್ನು ಮಾರಿದಾಗ ವಿಮಾ ಕಂಪನಿಯಿಂದ ಪತ್ರ ತಗೊಂಡರೆ ಹೊಸ ಕಾರಿನ ಪ್ರೀಮಿಯಂನಲ್ಲಿ, ನಮ್ಮದೇ ಕಾರಿನ ಹಾನಿಗೆ ಕಟ್ಟುವ ಭಾಗದಿಂದ ಅದು ಕಳೆಯುತ್ತದೆ. ನಾನೇ ಕೇಳಿದ ಮೇಲೆ "ಹೌದು ಮೇಡಂ, ಅದೂ ಆಗುತ್ತೆ" ಅಂದ ಆ ಹುಡುಗ.

ಮನೆಗೆ ಬಂದು ಲೆಕ್ಕದ ಪುಸ್ತಕ ತೆಗೆದೆ. ಕಾರಿನಲ್ಲೇ ಇಟ್ಟಿರುವ ಇನ್ನೂರು ಪುಟದ ನೋಟ್‌ಬುಕ್ ಅದು. ಆಯಿಲ್ ಕಲೆ ಬಿದ್ದು ಅರ್ಧದಷ್ಟು ಪುಟಗಳು ಅಂಟಿಕೊಂಡಿವೆ. ಪೆಟ್ರೋಲ್ ಹಾಕಿಸಿದ್ದು, ರಿಪೇರಿ ಮಾಡಿಸಿದ್ದು ಎಲ್ಲ ಅದರಲ್ಲಿದೆ. ಮೂರು ವರ್ಷದ ಸರ್ವಿಸು, ರಿಪೇರಿ: 11,200, 23,600, 18,700. ಕೂಡಿದರೆ 53,500. ತಿಂಗಳಿಗೆ ಹೆಚ್ಚುಕಮ್ಮಿ 1,500. ಈಗಿನ 39,500ನ್ನು ಎರಡು ವರ್ಷಕ್ಕೆ ಹಂಚಿದರೆ ತಿಂಗಳಿಗೆ 1,650. ಎರಡೂ ಸೇರಿ 3,150.

ಹೊಸದಕ್ಕೆ ಏಳು ಲಕ್ಷ ಸಾಲ, ಶೇ 9 ಬಡ್ಡಿ, ಐದು ವರ್ಷ. ಕಂತು 14,531. ಬಡ್ಡಿಯೇ 1,72,000. ಆದರೆ ಕಂತು ಪೂರ್ತಿ ನಷ್ಟ ಅಲ್ಲ, ಕೊನೆಗೆ ಕಾರು ಉಳಿಯುತ್ತಲ್ಲ. ಅದಕ್ಕೆ ವಿಮೆಯವರ ಲೆಕ್ಕ ಹಿಡಿದೆ. ನಾಲ್ಕು ದಾಟಿ ಐದು ವರ್ಷದೊಳಗಿನ ಕಾರಿಗೆ ಅವರು ಶೇ 50 ಸವಕಳಿ ಕಳೆಯುತ್ತಾರೆ. ಅದೂ ಎಕ್ಸ್-ಶೋರೂಮ್ ಬೆಲೆ ಮೇಲೆ, ರಸ್ತೆ ತೆರಿಗೆ ಲೆಕ್ಕಕ್ಕೇ ಇಲ್ಲ. 10,80,000 ಕೊಟ್ಟ ಕಾರು ಕೊನೆಗೆ 4,45,000. ಬಡ್ಡಿ ಸೇರಿಸಿ ಐದು ವರ್ಷಕ್ಕೆ ಭಾಗಿಸಿದರೆ ತಿಂಗಳಿಗೆ 13,450 ಆವಿ. ಪೆಟ್ರೋಲ್ ಉಳಿಯುತ್ತೆ ಅಂತೀರಾ? ನಾನು ಫುಲ್ ಟ್ಯಾಂಕಿಂದ ಫುಲ್ ಟ್ಯಾಂಕಿಗೆ ಅಳೆಯುತ್ತೇನೆ. ನಮ್ಮದು ಊರೊಳಗೆ 15.5, ಹೈವೇಯಲ್ಲಿ 19 ಕೊಡುತ್ತಿದೆ. ಅಷ್ಟು ಭಾರದ ಹೊಸ ಗಾಡಿ ಇದಕ್ಕಿಂತ ಜಾಸ್ತಿ ಕೊಟ್ಟು ತಿಂಗಳಿಗೆ ಹತ್ತು ಸಾವಿರ ಉಳಿಸುವ ಮಾತೇ ಇಲ್ಲ.

ಹಾಗಾಗಿ ರಿಪೇರಿ ಖರ್ಚನ್ನು ಹಳೆ ಗಾಡಿಯ ಬೆಲೆಗೆ ಹೋಲಿಸುವುದನ್ನು ಬಿಟ್ಟೆ. ಹೋಲಿಸಬೇಕಾದ್ದು ಮೂರು ತಿಂಗಳ ಕಂತಿಗೆ.

ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಯಾಕೆಂದರೆ ಪುಸ್ತಕದಲ್ಲಿ ಬರೆಯದ ಒಂದು ರಾತ್ರಿ ಇತ್ತು.

ಮಗಳು ಮಂಗಳೂರಿನಲ್ಲಿ ಓದುತ್ತಾಳೆ. ಜೂನ್‌ನಲ್ಲಿ ಅವಳನ್ನು ಹಾಸ್ಟೆಲಿಗೆ ಬಿಟ್ಟು ವಾಪಸ್ ಬರುತ್ತಿದ್ದೆವು. ಶಿರಾಡಿ ಘಾಟಿ, ಎಂಟೂವರೆ ಗಂಟೆ, ಧೋ ಅಂತ ಮಳೆ. ಮುಂದಿನ ಲಾರಿ ಗಕ್ಕನೆ ನಿಂತಿತು. ನಾನೂ ಒತ್ತಿದೆ. ಚಕ್ರ ನಿಂತವು, ಗಾಡಿ ನಿಲ್ಲಲಿಲ್ಲ. ಸ್ಟಿಯರಿಂಗ್ ತಿರುಗಿಸಿದರೂ ನೇರಕ್ಕೇ ಜಾರಿತು. ಕಾಲು ತೆಗೆದು ಮತ್ತೆ ಒತ್ತಿದೆ, ಮತ್ತೆ ತೆಗೆದು ಒತ್ತಿದೆ. ಲಾರಿಯ ಹಿಂದಿನ ಕಬ್ಬಿಣದ ಪಟ್ಟಿ ನಮ್ಮ ಗಾಜಿನಿಂದ ಒಂದು ಮಾರು ದೂರದಲ್ಲಿತ್ತು. ಮನೆಯವರು ಸಕಲೇಶಪುರದವರೆಗೆ ಮಾತಾಡಲಿಲ್ಲ. ನಮ್ಮ ಗಾಡಿಗೆ ಎಬಿಎಸ್ (ಗಟ್ಟಿಯಾಗಿ ಬ್ರೇಕ್ ಒತ್ತಿದರೂ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇಲ್ಲ, ಏರ್‌ಬ್ಯಾಗ್ ಇಲ್ಲ. ಆಗ ಅವು ಕಡ್ಡಾಯ ಇರಲಿಲ್ಲ. ಕಾರುಗಳಿಗೆ ಎಬಿಎಸ್ ಕಡ್ಡಾಯವಾದದ್ದೇ 2019ರಲ್ಲಿ. ಹೊಸ ಕಾರಿನ ಆಸೆಯ ಬೇರು ಆ ರಾತ್ರಿಯಲ್ಲಿತ್ತು. ಜಿಎಸ್‌ಟಿ ಬರೀ ನೆಪ.

ಮತ್ತೆ ಪುಸ್ತಕ ತೆಗೆದೆ. ಈ ಸಲ ರೂಪಾಯಿ ಬಿಟ್ಟು ಕಿಲೋಮೀಟರ್ ನೋಡಿದೆ. ವರ್ಷಕ್ಕೆ ಏಳು ಸಾವಿರ ಓಡಿಸುತ್ತೇವೆ. ಅದರಲ್ಲಿ ಮಂಗಳೂರಿಗೆ ಎಂಟು ಸಲ, ಹೋಗಿ ಬಂದು ಸುಮಾರು 340ರಂತೆ 2,720. ಉಳಿದದ್ದೆಲ್ಲ ಸ್ಕೂಲು, ಮಾರ್ಕೆಟ್ಟು, ಆಸ್ಪತ್ರೆ, ಹೊಳೆನರಸೀಪುರದ ಅಮ್ಮನ ಮನೆ. ಅಲ್ಲೆಲ್ಲ ನಲವತ್ತು-ಐವತ್ತರ ಮೇಲೆ ಹೋಗುವ ಪ್ರಸಂಗವೇ ಕಡಿಮೆ. ನನ್ನ ತಲೆನೋವು ಏಳು ಸಾವಿರ ಕಿಲೋಮೀಟರಿನದ್ದಲ್ಲ. ಎಂಟು ಟ್ರಿಪ್ಪಿನದ್ದು.

ಎಂಟು ಟ್ರಿಪ್ಪಿಗೂ ಹೊಸ ಟ್ಯಾಕ್ಸಿ ಮಾಡಿದರೆ? ಕಿಲೋಮೀಟರಿಗೆ 14 ರೂಪಾಯಿ, ಡ್ರೈವರ್ ಬತ್ತೆ 500. ಒಂದಕ್ಕೆ 5,260, ವರ್ಷಕ್ಕೆ 42,000. ಮೂರು ಕಂತಿಗಿಂತ ಕಡಿಮೆ. ಅದರಲ್ಲೂ ಎಂಟಕ್ಕೂ ಟ್ಯಾಕ್ಸಿ ಯಾಕೆ? ಹಾಸನದಿಂದ ಮಂಗಳೂರಿಗೆ ರೈಲಿದೆ.

ಮಾವನವರನ್ನೂ ಕೇಳಿದೆ. ಅವರಿಗೆ 76, ಎರಡೂ ಮಂಡಿ ನೋವು. ಶೋರೂಮಿನ ಗಾಡಿಗೆ ಹತ್ತುವಾಗ ಬಾಗಿಲ ಮೇಲಿನ ಹಿಡಿಕೆ ಹಿಡಿದು, ಬಲಗಾಲನ್ನು ಕೈಯಿಂದಲೇ ಎತ್ತಿ ಒಳಗಿಟ್ಟಿದ್ದರು. ವ್ಯಾಗನ್ ಆರ್‌ನ ಸೀಟು ಅವರ ಸೊಂಟದ ಮಟ್ಟಕ್ಕಿದೆ. ಸುಮ್ನೆ ಹಿಂದಕ್ಕೆ ಕೂತು ಕಾಲು ತಿರುಗಿಸಿದರಾಯಿತು. "ನಂಗೆ ಇದೇ ಸರಿ" ಅಂದರು.

ಹದಿನೈದು ವರ್ಷಕ್ಕೆ ಗಾಡಿ ಗುಜರಿಗೆ ಅನ್ನುವ ಹೆದರಿಕೆ ನಮ್ಮ ಸ್ಟಾಫ್ ರೂಮಿನಲ್ಲಿ ಜೋರಾಗಿತ್ತು. ಆ ಕಥೆ ದೆಹಲಿಯದ್ದು. ಅಲ್ಲಿ ಡೀಸೆಲ್‌ಗೆ ಹತ್ತು, ಪೆಟ್ರೋಲ್‌ಗೆ ಹದಿನೈದು ವರ್ಷದ ಮಿತಿ ಬಂತು. ನಮ್ಮಲ್ಲಿ ಆರ್‌ಟಿಒಗೆ ಹೋಗಿ ಫಿಟ್‌ನೆಸ್ ತೋರಿಸಿದರೆ ಐದು ವರ್ಷಕ್ಕೆ ಆರ್‌ಸಿ, ಅಂದರೆ ನೋಂದಣಿ ಪತ್ರ, ನವೀಕರಣ ಆಗುತ್ತದೆ. ನಮ್ಮದು 2027ರ ನವೆಂಬರಿಗೆ ಮುಗಿಯುತ್ತದೆ. ಪುಸ್ತಕದ ಕೊನೆ ಪುಟದಲ್ಲಿ ಬರೆದಿಟ್ಟಿದ್ದೇನೆ: ತಳ ತೂತಾದರೆ, ಆಯಿಲ್ ಕುಡಿಯಲು ಶುರು ಮಾಡಿದರೆ, ಅಥವಾ ಒಂದೇ ವರ್ಷದಲ್ಲಿ ರಿಪೇರಿ 60,000 ದಾಟಿದರೆ ಮಾರುವುದು. ಆವತ್ತು ಚೌಕಾಸಿ ಮಾಡಬಾರದು, ನನ್ನ ಜೊತೆ ನಾನೇ. ಮಾರಿದ ದಿನವೇ ಹೆಸರು ವರ್ಗಾವಣೆಯ ಫಾರ್ಮ್ 29, 30 ತುಂಬಿಸಿ, ಆರ್‌ಸಿ ಕೊಂಡವರ ಹೆಸರಿಗೆ ಹೋಗುವ ತನಕ ಬೆನ್ನು ಬಿಡಬಾರದು ಅಂತಲೂ ಬರೆದಿದ್ದೇನೆ. ನಮ್ಮ ಸಹೋದ್ಯೋಗಿಯೊಬ್ಬರು ಮಾರಿ ವರ್ಷವಾದ ಗಾಡಿಯ ಟ್ರಾಫಿಕ್ ದಂಡದ ನೋಟಿಸ್ ಅವರ ಮನೆಗೇ ಬಂದಿತ್ತು.

ಡಿಸೆಂಬರಿನಲ್ಲಿ ಕೆಲಸ ಮಾಡಿಸಿದೆ. 39,500 ಅಂದಿದ್ದು 41,200 ಆಯಿತು. ಗೇರ್‌ಬಾಕ್ಸ್ ಇಳಿಸಿದಾಗ ಒಂದು ಬೇರಿಂಗ್ ಸದ್ದು ಮಾಡುತ್ತಿತ್ತಂತೆ. ಕ್ಲಚ್ ಈಗ ಬೆಣ್ಣೆ. ಎಷ್ಟು ಹಗುರ ಅಂದರೆ, ಮನೆಯವರು ಮೊದಲ ದಿನ ಗೇಟಿನಲ್ಲೇ ಮೂರು ಸಲ ಎಂಜಿನ್ ಬಂದ್ ಮಾಡಿದರು. ಸಂಕ್ರಾಂತಿಗೆ ಮಗಳು ರೈಲಿನಲ್ಲಿ ಬಂದಳು. ಸ್ಟೇಷನ್ನಿಗೆ ಕರೆತರಲು ಹೋದೆ. ಹಿಂದಿನ ಸೀಟಿನಲ್ಲಿ ಬ್ಯಾಗ್ ಎಸೆದು, "ಅಮ್ಮ, ಎಸಿ ಸರಿಯಾಯ್ತಾ?" ಅಂತ ಮೊದಲು ಅದನ್ನೇ ಕೇಳಿದಳು.