ಕಾಲೇಜು ಆಟಗಾರರ ಮೇಲೆ ಆರೋಪ ಬಂದಾಗ ಸುದ್ದಿ ಓದುವ ಕ್ರಮ: ಡರಮ್ ಪ್ರಕರಣ ಇಟ್ಟುಕೊಂಡು ಒಂದು ಅಭ್ಯಾಸ

ಇಂಥ ಪ್ರಕರಣಗಳಲ್ಲಿ ಮೊದಲ ವಾರ ಗೊತ್ತಿರುವುದು ತೀರ ಕಡಿಮೆ, ಆಡುವ ಮಾತು ತೀರ ಜಾಸ್ತಿ. ಒಂದು ವಿಶ್ವವಿದ್ಯಾಲಯದ ತಂಡ, ಒಂದು ಪಾರ್ಟಿ, ಒಬ್ಬ ಯುವತಿಯ ದೂರು, ಆಟಗಾರರ ನಿರಾಕರಣೆ. ಇಷ್ಟು ಓದಿದ ಕೂಡಲೇ ವಾಟ್ಸ್ಯಾಪ್ ಗುಂಪಿನಲ್ಲಿ ಒಬ್ಬರು "ಬೆಂಕಿಯಿಲ್ಲದೆ ಹೊಗೆಯಾಡುತ್ತಾ?" ಅಂತಾರೆ, ಇನ್ನೊಬ್ಬರು "ದುಡ್ಡಿಗೆ ಮಾಡಿರ್ತಾಳೆ ಬಿಡಿ" ಅಂತಾರೆ. ಇಬ್ಬರೂ ಓದಿರುವುದು ಅದೇ ಆರು ಸಾಲು. ಹಾಗೆ ಆಡಿದ ಮಾತು ಸಾಕ್ಷಿಗಳ ಕಿವಿಗೆ ಬೀಳುತ್ತದೆ, ನಾಳೆ ಜ್ಯೂರಿಯಲ್ಲಿ (ದೋಷಿಯೋ ಅಲ್ಲವೋ ಎಂದು ತೀರ್ಮಾನಿಸುವ ಸಾಮಾನ್ಯ ನಾಗರಿಕರ ಮಂಡಳಿಯಲ್ಲಿ) ಕೂರಬೇಕಾದವರ ಕಿವಿಗೆ ಬೀಳುತ್ತದೆ, ದೂರು ಕೊಟ್ಟವಳ ಮನೆಗೂ ಆರೋಪಿಯ ಮನೆಗೂ ತಲುಪುತ್ತದೆ. ನಮ್ಮ ಪ್ರತಿಕ್ರಿಯೆಯೇ ಪ್ರಕರಣವನ್ನು ಕೆಡಿಸದಂತೆ ನೋಡಿಕೊಳ್ಳುವುದು ಕಲಿಯಬಹುದಾದ ಕೆಲಸ.

ಅಭ್ಯಾಸಕ್ಕೆ ಅಮೆರಿಕದ ನಾರ್ತ್ ಕ್ಯಾರೊಲೈನಾ ರಾಜ್ಯದ ಡರಮ್ ಊರಿನಲ್ಲಿ 2006-07ರಲ್ಲಿ ನಡೆದ ಡ್ಯೂಕ್ ವಿಶ್ವವಿದ್ಯಾಲಯದ ಲಕ್ರಾಸ್ (ತುದಿಯಲ್ಲಿ ಬಲೆಯಿರುವ ಕೋಲಿನಿಂದ ಚೆಂಡು ಹಿಡಿದು ಎಸೆಯುವ ಆಟ) ತಂಡದ ಪ್ರಕರಣ ತೆಗೆದುಕೊಳ್ಳೋಣ. ಅದು ಪೂರ್ತಿ ಮುಗಿದಿದೆ, ದಾಖಲೆಗಳು ಹೊರಗೆ ಬಂದಿವೆ, ಯಾವ ದಿನ ಯಾರಿಗೆ ಏನು ಗೊತ್ತಿತ್ತು ಎಂದು ತಾಳೆ ನೋಡಬಹುದು. ರ‍್ಯಾಲಿ, ಕ್ಯಾರಿ ಊರುಗಳ ಕಡೆ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಅದು ಪಕ್ಕದೂರು.

ಮೂರು ಕಾಲಮಿನ ಹಾಳೆ

ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ. ಮೊದಲನೆಯದು ದಿನಾಂಕ, ಸಾಧ್ಯವಾದರೆ ಗಂಟೆ. ಎರಡನೆಯದು ಯಾರು ಏನು ಹೇಳಿದರು. ಮೂರನೆಯದು ಯಾವ ಆಧಾರದ ಮೇಲೆ. ಮೂರನೇ ಕಾಲಮಿನಲ್ಲಿ ಈ ಐದರಲ್ಲೊಂದನ್ನೇ ಬರೆಯಬೇಕು: ಕಣ್ಣಾರೆ ಕಂಡದ್ದು, ಯಂತ್ರ ದಾಖಲಿಸಿದ್ದು, ಪ್ರಯೋಗಾಲಯದ್ದು, ವಕೀಲರ ಅಥವಾ ಪೊಲೀಸರ ಮಾತು, ಅಂತೆ. ನಮ್ಮ ಭಾಷೆಯಲ್ಲಿ ಕೇಳಿದ್ದನ್ನು ಕಂಡದ್ದರಿಂದ ಬೇರೆ ಮಾಡಲು "ಅಂತೆ" ಎಂಬ ಒಂದೇ ಪದ ಸಾಕು. ಸುದ್ದಿ ಒಬ್ಬರಿಂದ ಒಬ್ಬರಿಗೆ ದಾಟುವಾಗ ಮೊದಲು ಉದುರುವುದೂ ಅದೇ ಪದ. "ಮೂವರು ಇದ್ದರಂತೆ" ಎಂಬುದು ಸಂಜೆಯೊಳಗೆ "ಮೂವರು ಇದ್ದರು" ಆಗಿರುತ್ತದೆ.

ಡರಮ್ ಪ್ರಕರಣದ ಹಾಳೆ ಹೀಗೆ ತುಂಬುತ್ತದೆ. 2006ರ ಮಾರ್ಚ್ 13ರ ರಾತ್ರಿ ತಂಡದ ನಾಯಕರು ಬಾಡಿಗೆಗೆ ಹಿಡಿದಿದ್ದ ಮನೆಯಲ್ಲಿ ಪಾರ್ಟಿ. ಹಣ ಕೊಟ್ಟು ಇಬ್ಬರು ನರ್ತಕಿಯರನ್ನು ಕರೆಸಿದ್ದರು. ಅವರಲ್ಲೊಬ್ಬರು ಆಮೇಲೆ ಅತ್ಯಾಚಾರದ ದೂರು ಕೊಟ್ಟರು. ಮಾರ್ಚ್ 23ರಂದು ತಂಡದ 47 ಆಟಗಾರರಲ್ಲಿ 46 ಮಂದಿ ಡಿಎನ್‌ಎ ಮಾದರಿ ಕೊಡಬೇಕೆಂದು ನ್ಯಾಯಾಲಯ ಆದೇಶಿಸಿತು. ದೂರುದಾರೆ ಬಿಳಿಯರ ಮೇಲೆ ಆರೋಪ ಮಾಡಿದ್ದರಿಂದ ತಂಡದ ಒಬ್ಬನೇ ಕಪ್ಪು ಆಟಗಾರನನ್ನು ಬಿಟ್ಟರು. ಮಾರ್ಚ್ ಕೊನೆಯ ವಾರ ಜಿಲ್ಲಾ ಪ್ರಾಸಿಕ್ಯೂಟರ್ ಮೈಕ್ ನೈಫಾಂಗ್ ಒಂದರ ಹಿಂದೊಂದು ಸಂದರ್ಶನ ಕೊಟ್ಟು, ಅತ್ಯಾಚಾರ ನಡೆದಿದೆ ಎಂದು ಖಚಿತವಾಗಿ ಹೇಳಿದರು. ಅದೇ ವಾರ ಆ ಮನೆಯ ಮುಂದೆ ಜನ ಪಾತ್ರೆ ಬಡಿದು ಪ್ರತಿಭಟಿಸಿದರು, ಆಟಗಾರರ ಫೋಟೊಗಳ ಪೋಸ್ಟರ್ ಹಂಚಿದರು. ಏಪ್ರಿಲ್ 5ರಂದು ಕೋಚ್ ಮೈಕ್ ಪ್ರೆಸ್ಲರ್ ಹುದ್ದೆ ಬಿಟ್ಟರು, ಆ ಋತುವಿನ ಪಂದ್ಯಗಳೆಲ್ಲ ರದ್ದಾದವು. ಮರುದಿನ 88 ಅಧ್ಯಾಪಕರ ಹೆಸರಿನಲ್ಲಿ ವಿದ್ಯಾರ್ಥಿ ಪತ್ರಿಕೆಯಲ್ಲಿ ಕ್ಯಾಂಪಸ್ಸಿನ ಜನಾಂಗಭೇದ, ಲಿಂಗಭೇದದ ಬಗ್ಗೆ ಜಾಹೀರಾತು ಬಂತು.

ಇಲ್ಲಿಗೆ ನಿಲ್ಲಿಸಿ ಮೂರನೇ ಕಾಲಮನ್ನಷ್ಟೇ ಓದಿ. "ಪೊಲೀಸರ ಮಾತು", "ವಕೀಲರ ಮಾತು", "ಅಂತೆ". ಪ್ರಯೋಗಾಲಯದ ಫಲಿತಾಂಶ ಜನರ ಮುಂದೆ ಬಂದೇ ಇರಲಿಲ್ಲ. ಒಬ್ಬನ ಬಂಧನವೂ ಆಗಿರಲಿಲ್ಲ. ಕೋಚ್ ಕೆಲಸ ಹೋಗಿಯಾಗಿತ್ತು.

ಹಾಳೆಯ ಹಿಂಬದಿಯನ್ನು ನಡತೆಗೆ ಮೀಸಲಿಡಿ. ಅನೇಕರು ಎಡವುವುದು ಇಲ್ಲಿ. ಆ ರಾತ್ರಿ ನರ್ತಕಿಯರ ಮೇಲೆ ಜನಾಂಗೀಯ ಬೈಗುಳ ತೂರಿದ್ದು ನಿಜ, ಒಬ್ಬ ಆಟಗಾರ ಆಮೇಲೆ ಅಸಹ್ಯವಾದ ಇಮೇಲ್ ಕಳಿಸಿದ್ದೂ ನಿಜ. ಎರಡನ್ನೂ ಖಂಡಿಸಲೇಬೇಕು. ಆದರೆ ಅವು ಸಾಬೀತು ಮಾಡುವುದು ಬೈಗುಳವನ್ನು, ಇಮೇಲನ್ನು; ಅತ್ಯಾಚಾರವನ್ನಲ್ಲ. ಇದೇ ಅಳತೆ ದೂರುದಾರೆಗೂ ಅನ್ವಯಿಸಬೇಕು. ಅವಳ ಉದ್ಯೋಗ, ಉಡುಪು, ಕುಡಿದಿದ್ದಳೇ ಎಂಬುದೆಲ್ಲ ಹಿಂಬದಿಗೆ ಹೋಗಲಿ. "ಅಂಥವನು" ಅಥವಾ "ಅಂಥವಳು" ಎಂದು ಶುರುವಾಗುವ ವಾಕ್ಯವನ್ನು ಮುಂಬದಿಗೆ ಬಿಟ್ಟುಕೊಂಡರೆ ಹಾಳೆ ಕೆಟ್ಟಂತೆಯೇ.

ಸಾಕ್ಷ್ಯ ಬಂದಾಗ ಕೇಳಬೇಕಾದದ್ದು

ಫಲಿತಾಂಶ ಬರುವ ಮುಂಚೆ ಅದರ ಬಗ್ಗೆ ಏನು ಹೇಳಿದ್ದರು ಎಂದು ಬರೆದಿಟ್ಟುಕೊಳ್ಳಿ. ಡಿಎನ್‌ಎ ಮಾದರಿ ಕೇಳಿದ ಅರ್ಜಿಯಲ್ಲಿ ಪ್ರಾಸಿಕ್ಯೂಟರ್ ಕಚೇರಿ, ಈ ಪರೀಕ್ಷೆಯಿಂದ ನಿರಪರಾಧಿಗಳು ತಕ್ಷಣ ಹೊರಬೀಳುತ್ತಾರೆ ಎಂದಿತ್ತು. ಏಪ್ರಿಲ್ 10ರಂದು ಆಟಗಾರರ ವಕೀಲರು ಫಲಿತಾಂಶ ಹೇಳಿದರು: ಯಾವ ಆಟಗಾರನ ಮಾದರಿಯೂ ತಾಳೆಯಾಗಿರಲಿಲ್ಲ. ಆಗ ಡಿಎನ್‌ಎ ಇಲ್ಲದೆಯೂ ಪ್ರಕರಣ ಗಟ್ಟಿಯಾಗಿಯೇ ನಿಲ್ಲುತ್ತದೆ ಎಂಬ ವಾದ ಶುರುವಾಯಿತು. ಡಿಎನ್‌ಎ ಸಿಗದ ನಿಜವಾದ ಪ್ರಕರಣಗಳು ಬೇಕಾದಷ್ಟಿವೆ, ಆ ಮಾತು ತನ್ನಷ್ಟಕ್ಕೆ ಸುಳ್ಳಲ್ಲ. ಮೊದಲು ಒಂದು ಪರೀಕ್ಷೆಯನ್ನು ಒಪ್ಪಿಕೊಂಡು ಆಮೇಲೆ ಅದನ್ನೇ ಕೈಬಿಟ್ಟದ್ದು ಅನುಮಾನಕ್ಕೆ ಎಡೆಕೊಡುವ ಸಂಗತಿ. ಹಳೆಯ ಸಾಲು ಹಾಳೆಯಲ್ಲಿಲ್ಲದಿದ್ದರೆ ಈ ಪಲ್ಟಿ ಕಣ್ಣಿಗೆ ಬೀಳುವುದೇ ಇಲ್ಲ.

ಗುರುತು ಹಿಡಿದರು ಎಂಬ ಸುದ್ದಿ ಬಂದರೆ, ಯಾರ್ಯಾರ ಫೋಟೊ ತೋರಿಸಿದರು ಎಂದು ಕೇಳಿ. ಸರಿಯಾದ ಗುರುತು ಪರೇಡಿನಲ್ಲಿ ಶಂಕಿತನ ಜೊತೆ ಪ್ರಕರಣಕ್ಕೆ ಸಂಬಂಧವೇ ಇಲ್ಲದ, ನೋಡಲು ಹತ್ತಿರದ ಹಲವರು ಇರಬೇಕು. ಸಾಕ್ಷಿ ತಪ್ಪಿದರೆ ತಪ್ಪು ಎಂದು ಗೊತ್ತಾಗಬೇಕಾದರೆ ಅವರು ಇರಲೇಬೇಕು. ಡರಮ್‌ನಲ್ಲಿ ಏಪ್ರಿಲ್ 4ರಂದು ತೋರಿಸಿದ್ದು ಬರೀ ತಂಡದವರ ಫೋಟೊ. ಯಾವ ಉತ್ತರಕ್ಕೆ ಗುರುತು ಹಾಕಿದರೂ ಸರಿ ಎನ್ನುವ ಪರೀಕ್ಷೆ ಅದು. ಅಲ್ಲಿನ ಪೊಲೀಸರ ನಿಯಮವೇ ಹೊರಗಿನವರ ಫೋಟೊ ಬೆರೆಸಬೇಕು ಎನ್ನುತ್ತಿತ್ತು. ಆ ಪರೇಡಿನ ಮೇಲೆ ನಿಂತು ರೀಡ್ ಸೆಲಿಗ್‌ಮನ್, ಕಾಲಿನ್ ಫಿನ್ನರ್ಟಿ, ಡೇವಿಡ್ ಎವನ್ಸ್ ಎಂಬ ಮೂವರ ಮೇಲೆ ಆರೋಪ ಬಂತು.

ನಂತರ ನಿಮಿಷಗಳ ಲೆಕ್ಕ ಹಾಕಿ. ಸೆಲಿಗ್‌ಮನ್‌ದು ಒಳ್ಳೆಯ ಮಾದರಿ. ರಾತ್ರಿ 12:14ಕ್ಕೆ ಅವನ ಫೋನಿನಿಂದ ಟ್ಯಾಕ್ಸಿಗೆ ಕರೆ. 12:19ರ ಸುಮಾರಿಗೆ ಟ್ಯಾಕ್ಸಿ ಹತ್ತಿದ. 12:24ಕ್ಕೆ ಎಟಿಎಂ ಕ್ಯಾಮೆರಾದಲ್ಲಿ ಅವನ ಚಿತ್ರ. 12:46ಕ್ಕೆ ಹಾಸ್ಟೆಲ್ ಬಾಗಿಲಲ್ಲಿ ಕಾರ್ಡ್ ಉಜ್ಜಿದ ದಾಖಲೆ. ನೃತ್ಯ ಶುರುವಾದದ್ದು ಮಧ್ಯರಾತ್ರಿಯ ಆಸುಪಾಸು ಎಂದು ಪಾರ್ಟಿಯಲ್ಲಿ ತೆಗೆದ ಫೋಟೊಗಳ ಗಡಿಯಾರ ಹೇಳುತ್ತಿತ್ತು. ಮೂವರು ಸೇರಿ ಅರ್ಧ ಗಂಟೆ ಹಿಂಸಿಸಿದರು ಎಂಬ ದೂರಿಗೆ ಇಲ್ಲಿ ಜಾಗವೇ ಉಳಿಯುವುದಿಲ್ಲ. ಇಂಥ ಪಟ್ಟಿ ಮಾಡುವಾಗ ಎರಡು ಎಚ್ಚರ ಬೇಕು. ಫೋನ್, ಕ್ಯಾಮೆರಾ, ಎಟಿಎಂ ಇವುಗಳ ಗಡಿಯಾರ ಒಂದೇ ಹೊತ್ತು ತೋರಿಸುತ್ತವೆ ಎಂದು ನಂಬಬೇಡಿ. ವ್ಯತ್ಯಾಸವನ್ನು ಯಾರಾದರೂ ಪರಿಶೀಲಿಸಿದ್ದಾರೆಯೇ ನೋಡಿ. ಜೊತೆಗೆ, ಆಘಾತಕ್ಕೆ ಒಳಗಾದವರು ಗಂಟೆಯನ್ನು ತಪ್ಪಾಗಿ ಹೇಳುವುದು ಸಾಮಾನ್ಯ. ಐದು ಹತ್ತು ನಿಮಿಷದ ಹೆಚ್ಚುಕಡಿಮೆ ಯಾರನ್ನೂ ಸುಳ್ಳುಗಾರರನ್ನಾಗಿ ಮಾಡುವುದಿಲ್ಲ. ಡರಮ್‌ನಲ್ಲಿ ಬದಲಾದದ್ದು ಅಷ್ಟು ಸಣ್ಣದಲ್ಲ: ಎಷ್ಟು ಮಂದಿ, ಯಾರು, ಯಾವಾಗ, ಏನು ಎಂಬ ನಾಲ್ಕೂ ಬದಲಾದವು.

ವರದಿಯಲ್ಲಿ ಏನು ಬಿಟ್ಟುಹೋಗಿದೆ ಎಂಬುದು ಕೊನೆಯ ಪ್ರಶ್ನೆ, ಕಷ್ಟದ್ದೂ ಹೌದು. ಆ ಮಾದರಿಗಳನ್ನು ಪರೀಕ್ಷಿಸಿದ ಖಾಸಗಿ ಪ್ರಯೋಗಾಲಯದ ಮೂಲ ಮಾಹಿತಿ 1,800ಕ್ಕೂ ಹೆಚ್ಚು ಪುಟ ಇತ್ತು. ಆರೋಪಿಗಳ ಪರವಾಗಿದ್ದ ಬ್ರ್ಯಾಡ್ ಬ್ಯಾನನ್ ಎಂಬ ವಕೀಲರು ಡಿಎನ್‌ಎ ಶಾಸ್ತ್ರವನ್ನು ತಾವೇ ಓದಿಕೊಂಡು ಆ ಪುಟಗಳಲ್ಲಿ ಕೂತರು. ಮಾದರಿಗಳಲ್ಲಿ ತಂಡದವರಲ್ಲದ ಹಲವು ಗಂಡಸರ ಡಿಎನ್‌ಎ ಸಿಕ್ಕಿದ್ದು, ಅದು ವರದಿಯಲ್ಲಿ ಇಲ್ಲದ್ದು ಅವರ ಕಣ್ಣಿಗೆ ಬಿತ್ತು. ಡಿಸೆಂಬರ್ 15ರಂದು ಪ್ರಯೋಗಾಲಯದ ಮುಖ್ಯಸ್ಥ ಬ್ರಯನ್ ಮೀಹನ್ ಅದನ್ನು ನ್ಯಾಯಾಲಯದಲ್ಲಿ ಒಪ್ಪಿಕೊಂಡರು. ನಾವು 1,800 ಪುಟ ಓದಲಾರೆವು. ಆದರೆ "ವರದಿಯ ಸಾರಾಂಶ ಮಾತ್ರ, ಮೂಲ ಇನ್ನೂ ಆರೋಪಿಯ ವಕೀಲರಿಗೆ ಸಿಕ್ಕಿಲ್ಲ" ಎಂದು ಹಾಳೆಯಲ್ಲಿ ಬರೆದು ಕಾಯಬಹುದು. ಪ್ರತ್ಯಕ್ಷವಾಗಿ ಕಂಡರೂ ಪರಾಂಬರಿಸಿ ನೋಡು ಅಂತಾರೆ. ಇಲ್ಲಿ ಪ್ರತ್ಯಕ್ಷ ಕಂಡವರು ಕೂಡ ನಾವಲ್ಲ.

ಹಂತಗಳ ಹೆಸರಿಗೆ ಮೋಸಹೋಗಬೇಡಿ

"ಗ್ರ್ಯಾಂಡ್ ಜ್ಯೂರಿ ಆರೋಪ ಹೊರಿಸಿತು" ಎಂದರೆ ತೀರ್ಪು ಬಂತು ಎಂದು ಓದುವವರಿದ್ದಾರೆ. ನಾರ್ತ್ ಕ್ಯಾರೊಲೈನಾದಲ್ಲಿ ವಿಚಾರಣೆ ನಡೆಸಲು ಆಧಾರ ಇದೆಯೇ ಎಂದಷ್ಟೇ ನೋಡುವ 18 ನಾಗರಿಕರ ಆ ಮಂಡಳಿಯಲ್ಲಿ 12 ಮಂದಿ ಒಪ್ಪಿದರೆ ಸಾಕು. ಆರೋಪಿಯ ವಕೀಲರಿಗೆ ಒಳಗೆ ಪ್ರವೇಶವಿಲ್ಲ, ಅಲ್ಲಿ ಏನು ಹೇಳಿದರು ಎಂಬ ಲಿಖಿತ ದಾಖಲೆಯೂ ಇರುವುದಿಲ್ಲ. ನಮ್ಮಲ್ಲಿ ಎಫ್‌ಐಆರ್ ಎಂದರೆ ದೂರು ದಾಖಲಾಯಿತು ಎಂದಷ್ಟೇ. ಚಾರ್ಜ್‌ಶೀಟ್ ಎಂದರೆ ಪೊಲೀಸರ ಪಾಲಿನ ಕಥೆ ಪೂರ್ತಿಯಾಯಿತು ಎಂದು. ಸಾಕ್ಷ್ಯವಿಲ್ಲ ಎಂದು ಪೊಲೀಸರು ಬಿ ರಿಪೋರ್ಟ್ ಹಾಕಿದರೂ ಅದೇ ಕೊನೆಯಲ್ಲ. ದೂರುದಾರರು ತಕರಾರು ಸಲ್ಲಿಸಬಹುದು, ನ್ಯಾಯಾಲಯ ಆ ರಿಪೋರ್ಟನ್ನೇ ತಿರಸ್ಕರಿಸಬಹುದು. ಆರೋಪ ಕೈಬಿಡುವುದು, ಖುಲಾಸೆ, ನಿರಪರಾಧಿ ಎಂದು ಸಾರುವುದು ಮೂರೂ ಬೇರೆ. ಮೂರನೆಯದು ಅಪರೂಪ. ಡರಮ್‌ನಲ್ಲಿ ಅದಾಯಿತು: 2007ರ ಏಪ್ರಿಲ್ 11ರಂದು ರಾಜ್ಯದ ಅಟಾರ್ನಿ ಜನರಲ್ ರಾಯ್ ಕೂಪರ್ ಆರೋಪಗಳನ್ನೆಲ್ಲ ಕೈಬಿಟ್ಟು, ಮೂವರೂ ನಿರಪರಾಧಿಗಳು ಎಂದು ಹೇಳಿದರು. ಜೂನ್‌ನಲ್ಲಿ ನೈಫಾಂಗ್ ವಕೀಲಿಕೆಯ ಸನ್ನದು ಕಳೆದುಕೊಂಡರು.

ಡರಮ್ ಓದಿ ಕಲಿಯಬಾರದ ಪಾಠ

ಈ ಪ್ರಕರಣವನ್ನು ಕೋಲಾಗಿ ಹಿಡಿದು ಮುಂದಿನ ದೂರುದಾರೆಯನ್ನೆಲ್ಲ ಬಡಿಯುವುದು ಅದೇ ತಪ್ಪಿನ ಇನ್ನೊಂದು ಮುಖ. 2015ರ ಜನವರಿಯಲ್ಲಿ ಸ್ಟ್ಯಾನ್‌ಫರ್ಡ್‌ನ ಈಜುಗಾರ, ಯುವತಿಯ ಮೇಲೆ ಲೈಂಗಿಕ ಹಲ್ಲೆ ನಡೆಸುತ್ತಿದ್ದ ಬ್ರಾಕ್ ಟರ್ನರ್‌ನನ್ನು ಹಿಡಿದು ನಿಲ್ಲಿಸಿದವರು ಸೈಕಲ್ಲಿನಲ್ಲಿ ಹೋಗುತ್ತಿದ್ದ ಇಬ್ಬರು ವಿದ್ಯಾರ್ಥಿಗಳು. ಮೂರನೇ ಕಾಲಮಿನಲ್ಲಿ "ಕಣ್ಣಾರೆ ಕಂಡದ್ದು" ಎಂದು ಮೊದಲ ದಿನವೇ ಬರೆಯಬಹುದಿತ್ತು. 2016ರಲ್ಲಿ ಜ್ಯೂರಿ ಅವನನ್ನು ಮೂರು ಅಪರಾಧಗಳಲ್ಲಿ ದೋಷಿ ಎಂದಿತು. 2013ರಲ್ಲಿ ನ್ಯಾಶ್‌ವಿಲ್‌ನ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಆಟಗಾರರ ಪ್ರಕರಣದಲ್ಲಿ ಪ್ರಜ್ಞೆ ತಪ್ಪಿದ್ದ ಯುವತಿಗೆ ನಡೆದದ್ದೇ ನೆನಪಿರಲಿಲ್ಲ. ಹಾಸ್ಟೆಲ್ ಮೊಗಸಾಲೆಯ ಕ್ಯಾಮೆರಾ, ಆಟಗಾರರ ಫೋನಿನ ಚಿತ್ರಗಳು ಹೇಳಿದವು. ಅವಳ ನೆನಪಿನ ಮೇಲೆ ಮಾತ್ರ ನಿಂತು "ಹೇಳಿಕೆಯೇ ಸರಿಯಿಲ್ಲ" ಎಂದವರು ಪೂರ್ತಿ ದಾರಿ ತಪ್ಪುತ್ತಿದ್ದರು.

ಇತ್ಯರ್ಥವೇ ಆಗದವೂ ಇವೆ. ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ಕ್ವಾರ್ಟರ್‌ಬ್ಯಾಕ್ (ದಾಳಿ ನಡೆಸುವ ಮುಖ್ಯ ಆಟಗಾರ) ಜೇಮಿಸ್ ವಿನ್ಸ್‌ಟನ್ ಮೇಲೆ 2012ರ ಡಿಸೆಂಬರಿನಲ್ಲಿ ನಡೆದ ಘಟನೆಯ ಬಗ್ಗೆ ದೂರಿತ್ತು. ಒಪ್ಪಿಗೆಯಿತ್ತು ಎಂಬುದು ಅವರ ಕಡೆಯ ವಾದ. ಡಿಎನ್‌ಎ ಮಾದರಿ ತೆಗೆದುಕೊಂಡದ್ದು 2013ರ ನವೆಂಬರಿನಲ್ಲಿ. ಅಷ್ಟರಲ್ಲಿ ಆ ರಾತ್ರಿಯ ಬಾರ್‌ನ ಕ್ಯಾಮೆರಾ ದೃಶ್ಯಗಳೂ ಅಳಿಸಿಹೋಗಿದ್ದವು. ಪ್ರಾಸಿಕ್ಯೂಟರ್ ಆರೋಪ ಹೊರಿಸಲಿಲ್ಲ. 2016ರ ಜನವರಿಯಲ್ಲಿ ವಿಶ್ವವಿದ್ಯಾಲಯ ತಪ್ಪೊಪ್ಪಿಕೊಳ್ಳದೆ, ಯುವತಿ ತನ್ನ ಮೇಲೆ ಹೂಡಿದ್ದ ಮೊಕದ್ದಮೆಯನ್ನು 9,50,000 ಡಾಲರಿಗೆ ಬಗೆಹರಿಸಿಕೊಂಡಿತು. ಈ ಹಾಳೆಯ ಕೊನೆಯ ಸಾಲು "ಗೊತ್ತಾಗಲಿಲ್ಲ, ತನಿಖೆ ತಡವಾಯಿತು" ಎಂದಿರಬೇಕು. ಹಾಗೆ ಬರೆದು ಬಿಡುವುದಕ್ಕೂ ಗಟ್ಟಿತನ ಬೇಕು.

ಹಂಚುವ ಮುನ್ನ, ಒಳಗಿದ್ದರೆ

ಭಾರತದಲ್ಲಿ ಲೈಂಗಿಕ ಅಪರಾಧದ ಸಂತ್ರಸ್ತೆಯ ಗುರುತು ಬಯಲು ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಪ್ರಕಾರ ಅಪರಾಧ, ಎರಡು ವರ್ಷದವರೆಗೆ ಸೆರೆಮನೆ. ಹೆಸರು ಬರೆಯದಿದ್ದರೆ ಆಯಿತು ಎಂದುಕೊಳ್ಳಬೇಡಿ. ಊರು, ಕೋರ್ಸು, ತಂದೆಯ ಕೆಲಸ ಸೇರಿಸಿದರೆ ಗುರುತು ಸಿಕ್ಕಿಬಿಡುತ್ತದೆ. 2018ರಲ್ಲಿ ಸುಪ್ರೀಂ ಕೋರ್ಟ್ ದೂರದಿಂದ ಗುರುತು ಸಿಗುವಂಥ ಸುಳಿವೂ ಕೂಡದು ಎಂದಿದೆ. ಫಾರ್ವರ್ಡ್ ಮಾಡಿದ ಮಾತ್ರಕ್ಕೆ ಹೊಣೆ ತಪ್ಪುವುದಿಲ್ಲ. ಆರೋಪಿಯನ್ನು "ಅತ್ಯಾಚಾರಿ" ಎಂದು ಬರೆಯುವ ಮುನ್ನ ತೀರ್ಪು ಬಂದಿದೆಯೇ ನೋಡಿ. ತಂಡದ ಗುಂಪು ಫೋಟೊ ಹಾಕಲೇಬೇಡಿ. ಅದರಲ್ಲಿ ಆ ರಾತ್ರಿ ಅಲ್ಲಿಗೆ ಹೋಗದವನೂ ನಿಂತಿರುತ್ತಾನೆ.

ನಿಮ್ಮ ಮಗ, ಮಗಳು ಅಥವಾ ಅವರ ಗೆಳೆಯರು ಅದೇ ಕ್ಯಾಂಪಸ್ಸಿನಲ್ಲಿದ್ದರೆ ಮೊದಲ ಕೆಲಸ ಫೋನಿನಿಂದ ಏನನ್ನೂ ಅಳಿಸದಿರುವುದು. ಫೋಟೊ, ಮೆಸೇಜು, ಕ್ಯಾಬ್ ಬಿಲ್ಲು, ಕಾರ್ಡ್ ಪಾವತಿ ಎಲ್ಲವನ್ನೂ ಹಾಗೇ ಇಡಿ. ಫೋಟೊವನ್ನು ವಾಟ್ಸ್ಯಾಪ್‌ನಲ್ಲಿ ಕಳಿಸಿದರೆ ಅದರೊಳಗಿನ ಗಂಟೆಯ ಮಾಹಿತಿ ಹೋಗುತ್ತದೆ, ಆದ್ದರಿಂದ ಮೂಲ ಕಡತವೇ ಇರಬೇಕು. ಕ್ಯಾಮೆರಾ ದೃಶ್ಯಗಳ ಮೇಲೆ ಹೊಸದು ಬಂದು ಕೂರುವುದರಿಂದ ಬಾರು, ಹೋಟೆಲು, ಹಾಸ್ಟೆಲಿಗೆ ಉಳಿಸಿಡಿ ಎಂದು ವಕೀಲರ ಮೂಲಕ ಅದೇ ವಾರ ಪತ್ರ ಹೋಗಬೇಕು. ಕಂಡದ್ದನ್ನು ಅವತ್ತೇ ತಾವೊಬ್ಬರೇ ಕೂತು ಬರೆದಿಡಲಿ. ಗೆಳೆಯರ ಜೊತೆ ಕೂತು ಬರೆದರೆ ನಾಲ್ಕು ನೆನಪು ಕಲಸಿ ಒಂದಾಗುತ್ತವೆ, ಸಾಕ್ಷಿಯ ಬೆಲೆ ಹೋಗುತ್ತದೆ. ದೂರುದಾರೆಗೆ ಫೋನ್ ಮಾಡಿ "ಬಗೆಹರಿಸಿಕೊಳ್ಳೋಣ" ಎನ್ನುವುದು ದೊಡ್ಡ ತಪ್ಪು, ಅದನ್ನು ಬೆದರಿಕೆ ಎಂದು ಪರಿಗಣಿಸಬಹುದು. ಕಾಲೇಜಿನ ವಿಚಾರಣೆ ಪೊಲೀಸರದ್ದಕ್ಕಿಂತ ಬೇರೆ. ಅಲ್ಲಿ ಬೇಕಾದ ರುಜುವಾತಿನ ಮಟ್ಟವೂ ಕಡಿಮೆ. ಒಂದು ಕಡೆ ಆಡಿದ ಮಾತು ಇನ್ನೊಂದು ಕಡೆ ದಾಖಲೆಯಾಗಬಹುದು, ಹಾಗಾಗಿ ಎರಡಕ್ಕೂ ವಕೀಲರ ಸಲಹೆ ಬೇಕು.

ತಪ್ಪು ಹಂಚಿದ್ದೀರಿ ಎಂದು ಆಮೇಲೆ ಗೊತ್ತಾದರೆ ಸದ್ದಿಲ್ಲದೆ ಅಳಿಸಬೇಡಿ. ಅದೇ ಗುಂಪಿನಲ್ಲಿ, ಅದೇ ಸಂದೇಶಕ್ಕೆ ಉತ್ತರವಾಗಿ ತಿದ್ದುಪಡಿ ಹಾಕಿ: ಯಾವ ದಿನ ಏನು ಬರೆದಿದ್ದೆ, ಈಗ ಏನು ಗೊತ್ತಾಗಿದೆ. ಗುರುತು ಬಯಲಾಗಿದ್ದರೆ ಮಾತ್ರ ಮೊದಲು ಅಳಿಸಿ, ಆಮೇಲೆ ಹೇಳಿ. ಹಾಳೆಯನ್ನು ಎಸೆಯಬೇಡಿ. ಡರಮ್ ಪ್ರಕರಣದ ಹಾಳೆಗೆ ಹೊಸ ಸಾಲು ಸೇರಿದ್ದು 2024ರ ಡಿಸೆಂಬರಿನಲ್ಲಿ: ಬೇರೊಂದು ಪ್ರಕರಣದಲ್ಲಿ ಸೆರೆಯಲ್ಲಿದ್ದ ದೂರುದಾರೆ, ತಾನು ಸುಳ್ಳು ಹೇಳಿದ್ದೆ ಎಂದು ಸಂದರ್ಶನದಲ್ಲಿ ಒಪ್ಪಿಕೊಂಡರು. ಆರೋಪ ಮಾಡಿ ಆಗ 18 ವರ್ಷ ದಾಟಿತ್ತು.