ಆಟಿ ಮಳೆಯಲ್ಲಿ ಒಣಗಿದ ಮೂರಡಿ ಗಣಪತಿ

ಹಸಿ ಮಣ್ಣು ನೀರಿಗೆ ಬಿದ್ದರೆ ಬೇಗ ಕರಗುತ್ತದೆ, ಒಣಗಿ ಗಟ್ಟಿಯಾದದ್ದು ತಡ ಎಂದು ನಮ್ಮ ಗಣೇಶೋತ್ಸವ ಸಮಿತಿಯಲ್ಲಿ ಎಲ್ಲರೂ ನಂಬಿದ್ದರು. ವಿಷಯ ಸರೀ ಉಲ್ಟಾ. ಅರೆಹಸಿ ಆವೆಮಣ್ಣಿನ ಮುದ್ದೆಯನ್ನು ಬಕೆಟಿಗೆ ಹಾಕಿ, ಮೂರು ದಿನ ಬಿಟ್ಟು ನೋಡಿದರೂ ಮುದ್ದೆಯೇ. ಪೂರ್ತಿ ಒಣಗಿದ ತುಂಡು ಹಾಕಿದರೆ ಗುಳುಗುಳು ಗುಳ್ಳೆ ಬಿಟ್ಟು ಅರ್ಧ ಗಂಟೆಯಲ್ಲಿ ಹುಡಿಯಾಗಿ ತಳ ಸೇರುತ್ತದೆ. ಒಳಗಿನ ಸಣ್ಣ ಸಣ್ಣ ಸಂದುಗಳಿಗೆ ನೀರು ನುಗ್ಗಿ ಗಾಳಿಯನ್ನು ಹೊರಗೆ ತಳ್ಳುವಾಗ ಮಣ್ಣು ಒಡೆಯುವುದು. ಹಸಿ ಮಣ್ಣಿನಲ್ಲಿ ನೀರು ನುಗ್ಗಲು ಜಾಗವೇ ಇರುವುದಿಲ್ಲ. ಹಾಗಾಗಿ ಹೊಂಡದಲ್ಲಿ ವಿಸರ್ಜನೆ ಮಾಡುವವರಿಗೆ ಕರಗಿಸುವ ಚಿಂತೆ ಬೇಡ, ಒಣಗಿಸುವ ಚಿಂತೆ ಇರಲಿ. ಕಾಸರಗೋಡಿನ ಮಳೆಯಲ್ಲಿ ಅದೇ ದೊಡ್ಡ ಕೆಲಸ. 2023ರಲ್ಲಿ ಚೌತಿ ಸೆಪ್ಟೆಂಬರ್ 19ಕ್ಕೆ ಬಂದಿತ್ತು, ಸೋಣ ತಿಂಗಳ (ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ) ಬಿಸಿಲು ಸ್ವಲ್ಪ ಸಿಕ್ಕಿತು. 2025ರಲ್ಲಿ ಆಗಸ್ಟ್ 27. ಮೂರ್ತಿ ಮಾಡಿದ್ದು, ಒಣಗಿಸಿದ್ದು ಹೆಚ್ಚುಕಮ್ಮಿ ಎಲ್ಲ ಆಟಿಯಲ್ಲೇ, ಅಂದರೆ ಜುಲೈ-ಆಗಸ್ಟಿನ ಜಡಿಮಳೆಯ ತಿಂಗಳಲ್ಲೇ. ಆದರೂ ಸರಿಯಾಗಿ ಆದದ್ದು ಆ ವರ್ಷವೇ.

ಮೊದಲು ಮಣ್ಣು. ಗದ್ದೆಯ ಮೇಲ್ಮಣ್ಣು ತೆಗೆದು ಒಂದೂವರೆ ಅಡಿ ಕೆಳಗಿನದ್ದು ಬೇಕು. ಪಿಕಪ್ಪಿನಲ್ಲಿ ಕಾಲು ಲೋಡು ತಂದರೆ ಬಾಡಿಗೆ ಸೇರಿ ಸಾವಿರದೈನೂರರ ಹತ್ತಿರ. ನೆನೆಸಿ, ಜಾಲರಿಯಲ್ಲಿ ಸೋಸಿ, ಗೋಣಿಯ ಮೇಲೆ ಹರಡಿ ಹದಕ್ಕೆ ತರುವುದು ಎಲ್ಲರಿಗೂ ಗೊತ್ತಿರುವುದೇ. ಎಂಟು ಪಾಲು ಮಣ್ಣಿಗೆ ಒಂದು ಪಾಲು ನಯ ಹೊಯಿಗೆ (ಮರಳು), ಎರಡು ಬೆರಳುದ್ದ ಕತ್ತರಿಸಿದ ಬೈಹುಲ್ಲು ಎರಡು ಹಿಡಿ. ಇನ್ನೊಂದು ವಸ್ತು ಬೆರೆಸುತ್ತೇವೆ, ಅಡುಗೆಮನೆಯಲ್ಲೇ ಸಿಗುವಂಥದ್ದು. ಅದನ್ನು ಇಲ್ಲಿ ಬರೆಯುವುದಿಲ್ಲ, ಪಕ್ಕದ ಬೈಲಿನ ಸಮಿತಿಯವರೂ ಓದುತ್ತಾರೆ.

ಒಳಗೆ ಟೊಳ್ಳಿರಬೇಕು. ಹೊಟ್ಟೆಗೆ ಬೈಹುಲ್ಲಿನ ಉಂಡೆ ಕಟ್ಟಿ ಅದರ ಮೇಲೆ ಎಲ್ಲ ಕಡೆ ಒಂದೂವರೆ ಇಂಚು ದಪ್ಪಕ್ಕೆ ಮಣ್ಣು. ಒಂದು ಕಡೆ ಮೂರಿಂಚು, ಇನ್ನೊಂದು ಕಡೆ ಒಂದಿಂಚು ಆಯಿತೋ, ದಪ್ಪ ತೆಳು ಸೇರುವಲ್ಲೇ ಬಿರುಕು. ಸೊಂಡಿಲಿಗೆ ಕಬ್ಬಿಣದ ಸರಿಗೆ ಹಾಕಬೇಡಿ. ಒಣಗುವಾಗ ಮಣ್ಣು ಕುಗ್ಗುತ್ತದೆ, ಸರಿಗೆ ಕುಗ್ಗುವುದಿಲ್ಲ. ಮೊದಲ ವರ್ಷ ಸೊಂಡಿಲು ಮೂರು ಕಡೆ ಉಂಗುರ ಉಂಗುರವಾಗಿ ಸೀಳಿತು. ಈಗ ತೆಂಗಿನ ನಾರಿನ ಹಗ್ಗ, ಅದೂ ಸಡಿಲವಾಗಿ. ಕೂರಿಸುವ ಮಣೆಯ ಮೇಲೆ ಒಂದು ಪದರ ಬೂದಿ ಹರಡಿ. ಬೂದಿ ಇಲ್ಲದಿದ್ದರೆ ಮಣ್ಣು ಮಣೆಗೆ ಕಚ್ಚಿ ಹಿಡಿದು, ಕುಗ್ಗಲು ಬಿಡದೆ ಪೀಠ ನಡುವೆ ಸೀಳುತ್ತದೆ. ಮಣೆಯ ನಡುವೆ ಒಂದು ಗೇಣಗಲದ ತೂತು ಇರಲೇಬೇಕು. ಮೇಲ್ಮೈ ಉಗುರಿಗೆ ಗೀರು ಬೀಳದಷ್ಟು ಗಟ್ಟಿಯಾದ ಮೇಲೆ ಅಲ್ಲಿಂದ ಕೈ ಹಾಕಿ ಹುಲ್ಲನ್ನೆಲ್ಲ ಎಳೆದು ತೆಗೆಯುವುದು. 2023ರಲ್ಲಿ ಇದನ್ನು ಬಿಟ್ಟೆವು. ವಿಸರ್ಜನೆಯ ಹೊತ್ತಿಗೆ ಗಣಪತಿ ಮುಳುಗದೆ ಒಂದು ಪಕ್ಕಕ್ಕೆ ವಾಲಿ ತೇಲಿತು. ಜನ ನೋಡುತ್ತಿದ್ದಾರೆ, ಚೆಂಡೆ ನಿಂತಿದೆ, ನಾಲ್ಕು ಹುಡುಗರು ಇಳಿದು ಒತ್ತಿ ಹಿಡಿದರು. ಆ ಮಾತು ಇವತ್ತಿಗೂ ಕೇಳಬೇಕಾಗುತ್ತದೆ.

ಒಣಗಿಸುವುದಕ್ಕೆ ಐದು ವಾರ ಇಟ್ಟುಕೊಳ್ಳಿ. ಮೊದಲ ಹತ್ತು ದಿನ ಗಾಳಿ ತಾಗದ ಮೂಲೆಯಲ್ಲಿ, ಮೇಲೆ ಒದ್ದೆ ಗೋಣಿ. ಅವಸರದವರು ಕೆಡುವುದು ಇಲ್ಲೇ: ಹೊರಮೈ ಒಣಗಿ ಕುಗ್ಗಿ, ಒಳಗೆ ಹಸಿ ಉಳಿದರೆ ಹೊಟ್ಟೆ ಬಾಯಿ ಬಿಡುತ್ತದೆ. ಕಿವಿ, ಸೊಂಡಿಲಿನ ತುದಿ, ಬೆರಳು ಬೇಗ ಒಣಗುವ ಜಾಗಗಳು. ಗೋಣಿ ತೆಗೆದ ಮೇಲೂ ಅವಕ್ಕೆ ಒಂದು ವಾರ ಪ್ಲಾಸ್ಟಿಕ್ ಹೊದೆಸಿ. ಆಮೇಲೆ ಫ್ಯಾನು, ಆದರೆ ಗೋಡೆಗೆ ಮುಖ ಮಾಡಿ, ಮೂರ್ತಿಗಲ್ಲ. ಕೊನೆಯ ಹನ್ನೆರಡು ದಿನ ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಗೂಡಿನೊಳಗೆ ಇಟ್ಟು, ಕೋಳಿಮರಿಗೆ ಹಾಕುವ ಬಲ್ಬು ಎರಡು, ಮೂರಡಿ ದೂರದಲ್ಲಿ. ಇನ್ನೊಂದನ್ನು ಮಣೆಯ ತೂತಿನ ಕೆಳಗೆ. ಒಳಗಿನಿಂದ ಒಣಗಿಸಿದ ಈ ಮೂರನೆಯ ಬಲ್ಬೇ ನಮ್ಮನ್ನು ಗೆಲ್ಲಿಸಿದ್ದು. ಗೂಡಿನ ಮೇಲ್ಗಡೆ ಒಂದು ಕಿಂಡಿ ತೆರೆದಿಡದಿದ್ದರೆ ಆವಿ ಪ್ಲಾಸ್ಟಿಕ್ಕಿಗೆ ಕಟ್ಟಿ ಹನಿಹನಿಯಾಗಿ ಕಿರೀಟದ ಮೇಲೆಯೇ ಬೀಳುತ್ತದೆ.

ನಡುವೆ ಒಂದು ಅಧಿಕಪ್ರಸಂಗವೂ ಆಯಿತು. ಒಂದಡಿಯ ಸಣ್ಣ ಮೂರ್ತಿಯನ್ನು ರಬ್ಬರ್ ಶೀಟ್ ಒಣಗಿಸುವ ಹೊಗೆಮನೆಯಲ್ಲಿ ಇಟ್ಟೆವು. ಮೂರನೇ ದಿನ ಗಣಪತಿ ಕಾಡಿಗೆ ಬಣ್ಣ, ಬೆನ್ನಿನಲ್ಲಿ ಅಂಗೈ ರೇಖೆಯ ಹಾಗೆ ಬಿರುಕು, ವಾಸನೆಯಂತೂ ಕೇಳಬೇಡಿ.

ಒಣಗಿತೋ ಇಲ್ಲವೋ ಎಂದು ತಟ್ಟಿ ನೋಡಿ ಹೇಳುವವರನ್ನು ನಂಬಬೇಡಿ. ಅಡಿಕೆ ತೂಗುವ ಕಾಟಾದಲ್ಲಿ ಮಣೆ ಸಮೇತ ಇಡಿ, ಎರಡು ದಿನಕ್ಕೊಮ್ಮೆ ಬರೆದಿಡಿ. ನಮ್ಮದು ಹಸಿಯಲ್ಲಿ 92 ಕಿಲೋದ ಹತ್ತಿರ ಇತ್ತು, 70ಕ್ಕೆ ಬಂದು ನಿಂತಿತು. ಮೂರು ಸಲ ಒಂದೇ ತೂಕ ತೋರಿಸಿದರೆ ಕೆಲಸ ಮುಗಿಯಿತು. ಕಾಟಾ ಇಲ್ಲದವರು ಕೆನ್ನೆ ತಾಗಿಸಿ ನೋಡಿ. ತಣ್ಣಗೆ ಅನಿಸಿದರೆ ಒಳಗೆ ಇನ್ನೂ ನೀರಿದೆ.

ಬಣ್ಣಕ್ಕೆ ಎನಾಮೆಲ್ ಬೇಡವೇ ಬೇಡ, ನೀರು ಒಳಗೆ ಹೋಗಲು ಬಿಡುವುದಿಲ್ಲ. ಸೇಡಿ (ಬಿಳಿ ಮಣ್ಣು), ಕಾವಿ, ಅರಸಿನ, ದೀಪದ ಮಸಿ, ಅಂಟಿಗೆ ಹುಣಸೆಬೀಜದ ಗಂಜಿ ತೆಳ್ಳಗೆ. 2022ರಲ್ಲಿ ಸೇಡಿಯ ಬದಲು ಸುಣ್ಣ ಬಳಿದು ಮೇಲೆ ಅರಸಿನ ಕೊಟ್ಟರು. ಮುಖವೆಲ್ಲ ಓಕುಳಿ ಕೆಂಪು! ಅರಸಿನಕ್ಕೆ ಸುಣ್ಣ ತಾಗಿದರೆ ಕೆಂಪಾಗುತ್ತದೆಂದು ಎಲ್ಲ ಮನೆಯ ಹೆಂಗಸರಿಗೂ ಗೊತ್ತು. ಬಣ್ಣ ಹೊಡೆಯುವವರು ಯಾರನ್ನೂ ಕೇಳಿರಲಿಲ್ಲ.

ಇನ್ನು ಹೊಂಡ. ಕೆಂಪುಕಲ್ಲನ್ನು ನೆಲದ ಮೇಲೆ ಗಾರೆಯಿಲ್ಲದೆ ಆರು ವರಸೆ ಪೇರಿಸಿ ಒಳಗೆ ಶೀಟು ಹಾಸಿದ್ದು ನಮ್ಮ ಮೊದಲ ಪ್ರಯತ್ನ. ನೀರಿನ ಒತ್ತಡ ತಳದಲ್ಲೇ ಹೆಚ್ಚು. ಮುಕ್ಕಾಲು ತುಂಬುವಾಗ ಕೆಳಗಿನ ಕಲ್ಲು ಹೊರಕ್ಕೆ ಜಾರಿ ಇಡೀ ಗೋಡೆ ಕೂತಿತು, ಟ್ಯಾಂಕರಿನ ನೀರು ಪೆಂಡಾಲಿಗೆ. ಈಗ ಆರಡಿ ಚೌಕಕ್ಕೆ ಎರಡಡಿ ಅಗೆದು ಮೇಲೆ ಮೂರೇ ವರಸೆ ಕಲ್ಲು, ಹೊರಗಿನಿಂದ ಅಗೆದ ಮಣ್ಣಿನ ಒರಗು. ಒಳಗೆ ಹಳೆ ಗೋಣಿ, ಅದರ ಮೇಲೆ ಹದಿನೈದಡಿ ಚೌಕದ ಸಿಲ್ಪಾಲಿನ್ ಎಂಬ ಪ್ಲಾಸ್ಟಿಕ್ ಶೀಟು. ಮೂರೂವರೆ ಅಡಿ ನೀರೆಂದರೆ ಮೂರೂವರೆ ಸಾವಿರ ಲೀಟರ್ ಚಿಲ್ಲರೆ. ಶೀಟಿಗೆ ಎರಡೂವರೆ ಮೂರು ಸಾವಿರ ಆಗಿತ್ತು, ಮೂರು ವರ್ಷ ಬಂತು.

ಸಮುದ್ರಕ್ಕೇ ಹೋಗಬೇಕು, ಹೊಂಡದಲ್ಲಿ ಮುಳುಗಿಸುವುದು ಎಂತ ವಿಸರ್ಜನೆ ಎಂದು ಹಿರಿಯರ ತಕರಾರು. ಒಂದು ಕೊಡಪಾನ ಸಮುದ್ರದ ನೀರು ತಂದು ಹೊಂಡಕ್ಕೆ ಹೊಯ್ದ ಮೇಲೆ ಭಟ್ಟರು ಒಪ್ಪಿದರು. ಅದರಿಂದ ಒಂದು ಪ್ರಯೋಗವೂ ಹುಟ್ಟಿತು: ಒಂದು ಬಕೆಟ್ ಬಾವಿ ನೀರು, ಒಂದು ಬಕೆಟ್ ಸಮುದ್ರದ ನೀರು, ಎರಡಕ್ಕೂ ಒಂದೊಂದು ಬೊಗಸೆ ಒಣಮಣ್ಣು. ಉಪ್ಪುನೀರು ಮರುದಿನವೇ ತಿಳಿಯಾಯಿತು, ಬಾವಿ ನೀರು ಮೂರು ದಿನ ಕೆಂಪಾಗಿಯೇ ಇತ್ತು. ದೊಡ್ಡ ಹೊಂಡಕ್ಕೆ ಒಂದು ಕೊಡಪಾನ ಏನೂ ಸಾಲದು, ಹಾಗಾಗಿ ಕಾಲು ಕಿಲೋ ಪಟಿಕ ಹುಡಿ ಮಾಡಿ ಹಾಕುತ್ತೇವೆ.

2025ರಲ್ಲಿ ರಾತ್ರಿ ಒಂಬತ್ತರ ಸುಮಾರಿಗೆ ಇಳಿಸಿದೆವು. ಹೂ, ಗರಿಕೆ, ಬಟ್ಟೆ ಮೊದಲೇ ತೆಗೆದಿತ್ತು; ಮಣೆ ತೇಲದಂತೆ ಕೆಳಗೆ ನಾಲ್ಕು ಕಲ್ಲು ಕಟ್ಟಿತ್ತು. ತೂತಿನಿಂದ ನೀರು ಒಳಗೆ ನುಗ್ಗಿ ನೆಟ್ಟಗೆ ಕುಳಿತೇ ಇಳಿಯಿತು. ಇಪ್ಪತ್ತು ನಿಮಿಷಕ್ಕೆ ಸೊಂಡಿಲು, ಹನ್ನೆರಡು ಗಂಟೆಗೆ ಹೆಗಲು, ಬೆಳಿಗ್ಗೆ ಐದಕ್ಕೆ ಕೋಲು ಹಾಕಿ ನೋಡಿದರೆ ತಳದಲ್ಲಿ ಕೆಸರು ಮಾತ್ರ. ಸಮುದ್ರಕ್ಕೇ ಎಂದು ಹಟ ಹಿಡಿದವರೊಬ್ಬರು ಎರಡು ಸಲ ಕೋಲು ಹಾಕಿ ನೋಡಿದರು.

ಹಿಂದೆ ಹೊರಗಿನಿಂದ ಮೂರ್ತಿ ತಂದು ಲಾರಿಯಲ್ಲಿ ಸಮುದ್ರಕ್ಕೆ ಒಯ್ಯುವಾಗ ಇಪ್ಪತ್ತು ಸಾವಿರ ಹಾರುತ್ತಿತ್ತು. 2025ರಲ್ಲಿ ಕರೆಂಟು ಸೇರಿ ಐದು ಸಾವಿರದೊಳಗೆ. ಮೊದಲೆರಡು ವರ್ಷ ನೀರಿಗೆ ಹಾಕಿದ ಹಣ ಬೇರೆ ಲೆಕ್ಕ, ಅದನ್ನು ಖಜಾಂಚಿ ನೆನಪಿಸುತ್ತಲೇ ಇರುತ್ತಾರೆ. ನೀರು ಹೊರಗಿನ ತೆಂಗಿನ ಕಟ್ಟೆಗೆ ಹೋಯಿತು. ಮಣ್ಣು ಅರ್ಧಕ್ಕಿಂತ ಹೆಚ್ಚು ವಾಪಸು ಸಿಕ್ಕಿದೆ, ಗೋಣಿಯಲ್ಲಿ ಕಟ್ಟಿ ಭಜನಾ ಮಂದಿರದ ಹಿಂದೆ ಇಟ್ಟಿದ್ದೇವೆ. ಬಣ್ಣದ ಪುಡಿ ಕೂಡಿರುವುದರಿಂದ ಅದು ಮುಖಕ್ಕೆ ಆಗದು, ಪೀಠಕ್ಕೆ ಧಾರಾಳ ಆಗುತ್ತದೆ.