ನಂದಿ ಬೆಟ್ಟದ ಹಾದಿಗೆ ಸೈಕಲ್ ದೀಪ ಮತ್ತು ಕಂಪ್ಯೂಟರ್ ಆರಿಸುವ ಬಗೆ

ಬೆಂಗಳೂರಿನಿಂದ ನಂದಿ ಬೆಟ್ಟಕ್ಕೆ ಸೈಕಲ್ ತುಳಿಯುವವರಲ್ಲಿ ಹೆಚ್ಚಿನವರು, ಬಿಸಿಲೂ ವಾಹನಗಳೂ ಏರುವ ಮುನ್ನ ಮರಳಬೇಕೆಂದು ಕತ್ತಲಿರುವಾಗಲೇ ಹೊರಡುತ್ತಾರೆ. ಆದ್ದರಿಂದ ಸಲಕರಣೆಗೆಂದು ತೆಗೆದಿಟ್ಟ ಹಣದಲ್ಲಿ ಮೊದಲ ಪಾಲು ದೀಪಗಳಿಗೆ ಸಲ್ಲಬೇಕು.

ದೀಪಗಳಲ್ಲಿಯೂ ಹಿಂದಿನ ಕೆಂಪು ದೀಪವನ್ನು ಮೊದಲು ಆರಿಸಿಕೊಳ್ಳಿ. ಬಳ್ಳಾರಿ ರಸ್ತೆಯಂಥ ಹೆದ್ದಾರಿಯಲ್ಲಿ ವೇಗದ ವಾಹನಗಳು ಬರುವುದು ಬೆನ್ನ ಹಿಂದಿನಿಂದ. ದೀಪವನ್ನು ಸೀಟ್‌ಪೋಸ್ಟಿಗೆ, ಅಂದರೆ ಸೀಟನ್ನು ಹೊತ್ತ ಕೊಳವೆಗೆ, ಓರೆಯಾಗದಂತೆ ಕಟ್ಟಿ, ಸೀಟಿನ ಚೀಲವೋ ಜಾಕೆಟ್ಟಿನ ಅಂಚೋ ಅದನ್ನು ಮರೆಮಾಡುತ್ತಿದೆಯೇ ಎಂದು ಹಿಂದೆ ಸರಿದು ನೋಡಬೇಕು. ಮಿನುಗುವ ಬೆಳಕು ಬೇಗ ಗಮನ ಸೆಳೆಯುತ್ತದೆ, ಆದರೆ ಸೈಕಲ್ ಎಷ್ಟು ದೂರದಲ್ಲಿದೆ ಎಂಬ ಅಂದಾಜು ಚಾಲಕನಿಗೆ ಸಿಗುವುದು ಒಂದೇ ಸಮನೆ ಉರಿಯುವ ದೀಪದಿಂದ. ಹೀಗಾಗಿ ಒಂದು ದುಬಾರಿ ದೀಪಕ್ಕಿಂತ ಸಾಧಾರಣ ಬೆಲೆಯ ಎರಡು ದೀಪಗಳೇ ಮೇಲೆಂದು ನನ್ನ ಎಣಿಕೆ. ಒಂದನ್ನು ಮಿನುಗಿಸಿ, ಇನ್ನೊಂದನ್ನು ಒಂದೇ ಸಮನೆ ಉರಿಸಬಹುದು. ಒಂದರ ಚಾರ್ಜ್ ಮುಗಿದರೂ ಇನ್ನೊಂದು ಉಳಿದಿರುತ್ತದೆ.

ಮುಂದಿನ ದೀಪಕ್ಕೆ, ಬೀದಿದೀಪಗಳಿರುವ ರಸ್ತೆಯಲ್ಲಿ 200ರಿಂದ 300 ಲುಮೆನ್ ಸಾಕು. ಬೀದಿದೀಪವಿಲ್ಲದ ಹಾದಿಗೂ ಬೆಟ್ಟದ ತಿರುವುಗಳ ಇಳಿಜಾರಿಗೂ 600ರಿಂದ 800 ಇದ್ದರೆ ಒಳ್ಳೆಯದು. ಲುಮೆನ್ ಎಂಬುದು ಹೊರಡುವ ಒಟ್ಟು ಬೆಳಕಿನ ಅಳತೆಯಷ್ಟೇ, ಆ ಬೆಳಕು ಎಲ್ಲಿ ಬೀಳುತ್ತದೆ ಎಂಬುದನ್ನು ಅದು ಹೇಳದು. ಜರ್ಮನಿಯ ರಸ್ತೆ ನಿಯಮಕ್ಕೆ ಒಪ್ಪುವ ದೀಪಗಳು ಕಾರಿನ ಲೋ ಬೀಮ್‌ನಂತೆ ಬೆಳಕನ್ನು ಮೇಲಕ್ಕೆ ಚೆಲ್ಲದೆ ರಸ್ತೆಗೆ ಇಳಿಸುವುದರಿಂದ, ಎದುರಿನಿಂದ ಬರುವವರ ಕಣ್ಣು ಕುಕ್ಕುವುದಿಲ್ಲ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಮುದ್ರಿಸಿದ ಗಂಟೆಗಳು ಹೆಚ್ಚಾಗಿ ಅತಿ ಮಂದ ಅಥವಾ ಮಿನುಗುವ ಬೆಳಕಿನ ಲೆಕ್ಕ. ಪೂರ್ಣ ಬೆಳಕಿನಲ್ಲಿ ಎಷ್ಟು ಹೊತ್ತು ಉರಿಯುತ್ತದೆಂದು ಕೇಳಿಯೇ ಕೊಳ್ಳಬೇಕು. ಮಳೆಯ ಮಟ್ಟಿಗೆ, ನೀರನ್ನು ಎಷ್ಟು ತಡೆಯುತ್ತದೆಂದು ಹೇಳುವ ಐಪಿಎಕ್ಸ್ ಅಂಕಿ ನೋಡಿ: ಐಪಿಎಕ್ಸ್4 ಎಂದರೆ ನೀರಿನ ಸಿಡಿತ ತಡೆಯುತ್ತದೆ, ಐಪಿಎಕ್ಸ್7 ಎಂದರೆ 1 ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿದರೂ ತಾಳುತ್ತದೆ.

ಬ್ರೆವೆಗಳಲ್ಲಿ, ಅಂದರೆ ಗಡುವಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿಗಳಲ್ಲಿ, ಭಾಗವಹಿಸುವ ಆಸೆಯಿದ್ದರೆ ಈ ಲೆಕ್ಕ ಇನ್ನೂ ಬಿಗಿಯಾಗುತ್ತದೆ. 200 ಕಿ.ಮೀ.ಗೆ 13 ಗಂಟೆ 30 ನಿಮಿಷ, 300 ಕಿ.ಮೀ.ಗೆ 20 ಗಂಟೆ ಗಡುವು ಇರುವುದರಿಂದ, ಬೆಳಿಗ್ಗೆ 6ಕ್ಕೆ ಹೊರಟವರು 200ರಲ್ಲಿಯೂ ಕತ್ತಲಿಗೆ ಸಿಕ್ಕಬಹುದು. ಸೈಕಲ್ಲಿಗೆ ಭದ್ರವಾಗಿ ಕಟ್ಟಿದ ಮುಂದಿನ ಮತ್ತು ಹಿಂದಿನ ದೀಪಗಳೂ ಬೆಳಕು ಪ್ರತಿಫಲಿಸುವ ಅಂಗಿಯೂ ರಾತ್ರಿಯ ಸವಾರಿಗೆ ಅಲ್ಲಿ ಕಡ್ಡಾಯ.

ಇನ್ನು ಕಂಪ್ಯೂಟರ್, ಅಂದರೆ ಹ್ಯಾಂಡಲ್‌ಬಾರ್‌ನಲ್ಲಿ ಕೂತು ವೇಗ, ದೂರ ಮುಂತಾದವನ್ನು ತೋರಿಸುವ ಪುಟ್ಟ ಸಾಧನ. ದೂರ ಮತ್ತು ವೇಗ ಮಾತ್ರ ಸಾಕೆನ್ನುವವರಿಗೆ ಚಕ್ರದ ಕಡ್ಡಿಗೆ ಅಯಸ್ಕಾಂತ ಕಟ್ಟುವ ಅಗ್ಗದ ಮೀಟರ್ ಧಾರಾಳ. ಅದರಲ್ಲಿ ಟೈರಿನ ಸುತ್ತಳತೆಯನ್ನು ಸರಿಯಾಗಿ ತುಂಬಬೇಕು: 700x25 (25 ಮಿ.ಮೀ. ಅಗಲದ) ಟೈರಿಗೆ ಸುಮಾರು 2105 ಮಿ.ಮೀ., 700x28ಕ್ಕೆ ಸುಮಾರು 2136. ಒಂದರ ಬದಲು ಇನ್ನೊಂದನ್ನು ತುಂಬಿದರೆ 200 ಕಿ.ಮೀ.ಯಲ್ಲಿ ಸುಮಾರು 3 ಕಿ.ಮೀ. ವ್ಯತ್ಯಾಸ ಬರುತ್ತದೆ. ತರಬೇತಿಯೇ ಗುರಿಯಾಗಿದ್ದರೆ ಜಿಪಿಎಸ್ ಕಂಪ್ಯೂಟರ್ ಬೇಕು. ಎದೆಪಟ್ಟಿಯ ಹಾರ್ಟ್ ರೇಟ್ ಸೆನ್ಸರ್, ಪೆಡಲಿನ ಸುತ್ತು ಎಣಿಸುವ ಕೇಡೆನ್ಸ್ ಸೆನ್ಸರ್ ಅದಕ್ಕೆ ಹೊಂದಬೇಕಾದ್ದರಿಂದ ಬ್ಲೂಟೂತ್ ಮತ್ತು ಆ್ಯಂಟ್ ಪ್ಲಸ್ (ಸೆನ್ಸರ್‌ಗಳನ್ನು ತಂತಿಯಿಲ್ಲದೆ ಜೋಡಿಸುವ ಇನ್ನೊಂದು ಬಗೆ) ಎರಡೂ ಇರುವುದನ್ನೇ ನೋಡಿ. ನಂದಿಯ ಏರಿನಲ್ಲಿ ವೇಗದ ಅಂಕಿಯಿಂದ ತಿಳಿಯುವುದು ಅಲ್ಪ. ಎದೆಬಡಿತವೇ ದಣಿವಿನ ನಿಜವಾದ ಅಳತೆ. ಏರು ಎಷ್ಟು ಕಡಿದಾಗಿದೆಯೆಂದು ತೋರಿಸಲು ಗಾಳಿಯ ಒತ್ತಡ ಅಳೆಯುವ ಬ್ಯಾರೊಮೀಟರ್ ಒಳಗಿರುವ ಮಾದರಿಗಳು ಬರೀ ಜಿಪಿಎಸ್ ನಂಬುವವಕ್ಕಿಂತ ಮೇಲು. ನಕ್ಷೆ, ಬಣ್ಣದ ಪರದೆಗಳಿಗೆ ಹಣ ಸುರಿಯುವುದು ಅಪರಿಚಿತ ಊರುಗಳಲ್ಲಿ ತಿರುಗುವವರಿಗೆ ಬಿಟ್ಟದ್ದು.

ಕಂಪ್ಯೂಟರನ್ನು ಹ್ಯಾಂಡಲ್‌ಬಾರ್‌ನ ಮುಂದಕ್ಕೆ ಚಾಚಿದ ಮೌಂಟಿಗೆ ಕೂರಿಸಿ, ದೀಪವನ್ನು ಅದರ ಅಡಿಗೆ ಕಟ್ಟಿದರೆ ಒಂದರ ನೆರಳು ಇನ್ನೊಂದರ ಬೆಳಕಿಗೆ ಅಡ್ಡ ಬರುವುದಿಲ್ಲ.